ದೆವ್ವಕ್ಕೆ ಜ್ವರ

ಅರಮನೆ ಆಯಿತು, ಝೂನಲ್ಲಿ ಜಿರಾಫೆ ಆಯಿತು,
ಬೆಟ್ಟ ನಾಳೆಗೆ.
ನಡುವೆ ಉಳಿದದ್ದು ಒಂದು ಉರಿಬಿಸಿಲ ಮಧ್ಯಾಹ್ನ,
ಇಟ್ಟಿಗೆಗೂಡಿನ ಒಂದು ಸಂದಿ,
ಹಂಚಿನ ಮನೆಯ ನೆತ್ತಿಗೆ ಬಣ್ಣ ಸುಲಿದ ಬೋರ್ಡು:
'ಅರಸು ವಿಚಿತ್ರಾಲಯ. ಒಳಗೆ ಬೂತದ ಕೋಣೆ ಇದೆ.
ಎದೆನೋವಿನವರು ಬರಬೇಡಿ.'

'ಅತ್ತೆ, ಮಹಾಪ್ರಾಣ ಬಿಟ್ಟಿದ್ದಾರೆ',
ಅಂದಳು ಏಳನೇ ಕ್ಲಾಸಿನ ನಿಸರ್ಗ.
'ಪ್ರಾಣ ಬಿಡದಿದ್ರೆ ಭೂತ ಹೆಂಗಾಯ್ತದೆ ಮಗಾ?'

ತಲೆಗೆ ನಲವತ್ತು, ಮಕ್ಕಳಿಗೆ ಅರ್ಧ.
ಟಿಕೆಟು ಹರಿದವರು ಲಿಂಗರಾಜೇ ಅರಸರು,
ಬನಿಯನ್ನಿನ ಮೇಲೆ ನೇರ ಕೋಟು.
ನಮ್ಮ ಹಿಂದೆ ಯಾರೂ ಇಲ್ಲದಿದ್ದರೂ
'ತಳ್ಳಾಡಬೇಡಿ, ಸಾಲಾಗಿ ಬನ್ನಿ' ಅಂದರು.

ಹಿಂದಕ್ಕೆ ನಡೆಯುವ ಗಡಿಯಾರ. ಅದರಲ್ಲಿ ಒಂಬತ್ತು ಗಂಟೆ,
ಯಾವ ಕಾಲದ ಬೆಳಗೋ.
ಆನೆಯ ದವಡೆಹಲ್ಲು, ಅದಕ್ಕೂ ಹುಳುಕು.
ಎರಡೂ ಎಡಗಾಲಿನದೇ ಆದ ಒಂದು ಜೊತೆ ಎಕ್ಕಡ.
ಬಿರಡೆ ಬಿಗಿದ ಖಾಲಿ ಸೀಸೆಯ ಕೊರಳಿಗೊಂದು ಚೀಟಿ:
'ನನ್ನ ತಂದೆಯವರ ಕೊನೆಯ ಸೀನು. ಅಲುಗಿಸಬೇಡಿ.'
ಚಿರಂತ ಅಲುಗಿಸಿದ.
ಅರಸರು ಕಣ್ಣು ಮುಚ್ಚಿಕೊಂಡರು.

ಕೊನೆಯ ಬೀರುವಿನಲ್ಲಿ ಎರಡು ತಲೆಯ ಕರು
ಹಳದಿ ನೀರಲ್ಲಿ ಮಡಚಿಕೊಂಡು,
ಒಂದು ಮುಖ ಗೋಡೆಗೆ, ಒಂದು ನಮಗೆ.
ಮಕ್ಕಳು ಫೋಟೋಕ್ಕೆ ನಿಂತರು.
ನಾನು ಗಾಜಿನ ಮೇಲೆ ಕೈಯಿಟ್ಟೆ.
ಮಳವಳ್ಳಿ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ;
ಒಂದು ರಾತ್ರಿ ಪಾಳಿ,
ತಾಯಿಗೆ ತೋರಿಸದೆ ಬಟ್ಟೆಯಲ್ಲಿ ಸುತ್ತಿ
ಹಿಂಬಾಗಿಲಿಂದ ಒಯ್ದದ್ದಿದೆ.
ಅದಕ್ಕೆ ಯಾರೂ ಚೀಟಿ ಬರೆಯಲಿಲ್ಲ.
ಇದಕ್ಕಿದೆ, ಅರಸರ ಗುಂಡು ಅಕ್ಷರದಲ್ಲಿ:
'ಗಂಗೆ, ಗೌರಿ. ಹುಟ್ಟಿದ್ದು ಒಂದೇ ದಿನ.'

ಬೂತದ ಕೋಣೆಗೆ ಬೇರೆ ಹತ್ತು ರೂಪಾಯಿ.
ಕರಿಪರದೆ ಸರಿಸಿದರೆ ಇದ್ದಿಲ ಕತ್ತಲು.
ಟೇಪಿನಲ್ಲಿ ನರಿ ಊಳಿಡುತ್ತಿತ್ತು,
ನಡುವೆ ಕುಕ್ಕರಿನ ಸೀಟಿ,
ರೆಕಾರ್ಡು ಮಾಡಿದ ದಿನ ಯಾರ ಮನೆಯ ಸಾರೋ.
ಥರ್ಮೋಕೋಲು ಬುರುಡೆಗಳ ಕಣ್ಣಲ್ಲಿ ಸೀರಿಯಲ್ ಸೆಟ್ಟು
ಹತ್ತಿ ಆರಿತು.
ಆಗ ನನ್ನ ಕಾಲಿನ ಗಿಣ್ಣನ್ನು ಒಂದು ಕೈ ಹಿಡಿಯಿತು.

ಮಕ್ಕಳು ಕಿರುಚಿದವು. ನಾನೂ ಕಿರುಚಬೇಕಿತ್ತು,
ಕೊಟ್ಟ ಹತ್ತು ರೂಪಾಯಿಗಾದರೂ.
ಆದರೆ ಆ ಕೈ ಸುಡುತ್ತಿತ್ತು.
ತಣ್ಣಗಿರುತ್ತದೆ ಅಂತಲ್ಲವೆ ಚಿಕ್ಕಂದಿನಿಂದ ಕೇಳಿದ್ದು?
ಬಗ್ಗಿದೆ. ಮಣಿಕಟ್ಟು ತಡಕಿ ಹಿಡಿದೆ.
ದೆವ್ವ ಕೊಸರಾಡಿತು. ಬಿಡಲಿಲ್ಲ.
ಎಣಿಸಿದೆ: ನೂರಾ ಹದಿನೆಂಟು.
'ಎಷ್ಟು ದಿನ್ದಿಂದ?'
'ಮೂರು ದಿನ ಮೇಡಂ', ಅಂದಿತು ಕತ್ತಲು.
'ಚಳಿ?' 'ಸಂಜೆ ಆಗ್ತಿದ್ದಂಗೆ.'
'ಊಟ?' 'ಸೇರಲ್ಲ.'
'ಹೆಸರು?'
'ಎಂ. ಮಹದೇವಪ್ರಸಾದ್',
ಹಾಜರಿ ಕೂಗಿದಾಗ ಹೇಳುವ ಹಾಗೆ ಇನಿಷಿಯಲ್ ಸಮೇತ.

ಹೊರಗೆ ತಂದು ಮೆಟ್ಟಿಲ ಮೇಲೆ ಕೂರಿಸಿದೆ.
ಬಳಿದ ಸುಣ್ಣ ಬೆವರಿಗೆ ಇಳಿದು ಒಳಗಿಂದ
ಹತ್ತೊಂಬತ್ತರ ಹುಡುಗ ಮೂಡಿದ,
ಬರಲೋ ಬೇಡವೋ ಎನ್ನುವ ಮೀಸೆ.
ನಿಸರ್ಗ ತನ್ನ ನೀರಿನ ಬಾಟಲಿ ಕೊಟ್ಟಳು.
ಚಿರಂತ ಮಾತ್ರ ದೂರವೇ ನಿಂತು,
'ಅತ್ತೆ, ದೆವ್ವ ಮಾತ್ರೆ ನುಂಗ್ತದಾ?'
ನುಂಗಿತು. ಕಹಿಗೆ ಮುಖ ಕಿವುಚಿತು.
ನಾಳೆಯೇ ರಕ್ತ ಪರೀಕ್ಷೆ ಅಂತ
ಟಿಕೆಟಿನ ಬೆನ್ನಿಗೆ ಬರೆದುಕೊಟ್ಟೆ.

'ರಜದ ದಿನಗಳು ತಾಯಿ', ಅಂದರು ಅರಸರು,
'ದೆವ್ವ ಇಲ್ಲದೆ ಹತ್ತು ರೂಪಾಯಿ ಯಾವ ಬಾಯಲ್ಲಿ ಕೇಳಲಿ?'
ಗೇಟಿನ ಹತ್ತಿರ ಆಗಲೇ ಟೆಂಪೋ ಒಂದು ನಿಂತು
ಟೋಪಿ ಹಾಕಿದ ಮಕ್ಕಳನ್ನು ಇಳಿಸುತ್ತಿತ್ತು.
ಹುಡುಗ ಏಳಹೋದ. ಅರಸರು ಭುಜ ಒತ್ತಿ ಕೂರಿಸಿದರು,
ಕೋಟು ಬಿಚ್ಚಿ ಅವನಿಗೇ ಹೊದಿಸಿದರು,
ಟಿಕೆಟಿನ ಕಟ್ಟು ನಿಸರ್ಗಳ ಕೈಗೆ ಕೊಟ್ಟು
ಮಂಡಿ ಹಿಡಿದುಕೊಂಡು, ಶಿವ ಶಿವ ಅನ್ನುತ್ತ,
ಕರಿಪರದೆಯ ಒಳಗೆ ಹೋದರು.

ನಾವು ಹೊರಟದ್ದು ಮೂವತ್ತೊಂದು ಟಿಕೆಟು ಹರಿದ ಮೇಲೆ.
ಗೇಟು ದಾಟುವಾಗ ಒಳಗಿಂದ ಕಿರುಚಾಟ,
ಅದರ ಬೆನ್ನಿಗೇ ಒಂದು ಸೀನು.

ಚಿರಂತ ನನ್ನ ಮುಖ ನೋಡಿದ.
'ನಾನು ಜೋರಾಗಿ ಅಲುಗಿಸಲಿಲ್ಲ' ಅಂದ.